ಕಕ್ಕೆ ಹೂವೂ ಅತ್ತೆಯ ಕೌದಿ ಗಂಟೂ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದೇನೆಂದು ನನ್ನನ್ನು ಶಿಸ್ತಿನ ಹೆಂಗಸು ಎಂದುಕೊಳ್ಳಬೇಡಿ. ವರಾಂಡದಲ್ಲಿ ಕುಳಿತು ಕಕ್ಕೆ ಹೂವಿನ ಗೊಂಚಲೊಂದನ್ನು ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದೆ. ಬಿಸಿಲು ಲೋಟದ ಮೇಲಿಂದ ಸರಿಯುವುದರೊಳಗೆ ನೆರಳು ಮುಗಿಸಬೇಕಿತ್ತು. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಗೋಡೆ ಗಡಿಯಾರದ ಕಡೆ ಕಣ್ಣು ಹೋಗುತ್ತಿತ್ತು. ಆಗ ಮೂಗಿಗೆ ಬಂತು, ಅಗಸೆ ಹುರಿಯುವ ಘಮ.

ಆ ಘಮ ಬಂದಾಗ ನಾನು ಮಾಡಿದ್ದೇನು ಗೊತ್ತೇ? ಖುಷಿಪಟ್ಟೆ. ಅತ್ತೆ ಅಗಸೆ ಚಟ್ನಿಪುಡಿ ಮಾಡುತ್ತಿದ್ದಾರೆ, ರಾತ್ರಿ ರೊಟ್ಟಿಗೆ ಆಯಿತು, ಎಂದುಕೊಂಡು ಮತ್ತೆ ಕುಂಚ ಅದ್ದಿದೆ. ಹಳದಿಗೆ ಒಂದು ಚೂರು ಹಸಿರು ಸೇರಿಸಿ ಎಸಳಿನ ಒಳಮೈ ತಿದ್ದಿದೆ. ಚೆನ್ನಾಗಿ ಬಂತು ಎಂದು ತಲೆ ಓರೆ ಮಾಡಿ ನೋಡಿದೆ. ಹೀಗೆ ಹತ್ತು ನಿಮಿಷ ಕಳೆಯಿತು. ಆಮೇಲೆ ನೆನಪಾಯಿತು: ಅತ್ತೆ ಊಟ ಮಾಡಿ ಮಲಗಿ ಒಂದೂವರೆ ಗಂಟೆಯಾಗಿದೆ. ಮನೆಯಲ್ಲಿ ಮೂರನೆಯವರು ಯಾರೂ ಇಲ್ಲ. ಹಾಗಾದರೆ ಅಗಸೆ ಹುರಿಯುತ್ತಿರುವವರು ಯಾರು?

ಏನಾಯಿತೆಂದು ಹೇಳುವ ಮೊದಲು ಈ ಹೂವಿನ ಹುಚ್ಚಿನ ವಿಚಾರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲ ತಪ್ಪೂ ಅತ್ತೆಯದೇ ಎಂದು ನೀವೂ ಅಂದುಕೊಂಡೀರಿ. ನಮ್ಮ ಮನೆಯವರೆಲ್ಲ ಹಾಗೇ ಅಂದುಕೊಂಡಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಏಪ್ರಿಲ್ ಮೇ ರಜೆ. ಚಿತ್ರದುರ್ಗದ ಬೇಸಿಗೆಯಲ್ಲಿ ಮನುಷ್ಯರು ಬಾಡುತ್ತಾರೆ, ಮರಗಳು ಮಾತ್ರ ಮದುವೆಗೆ ಹೊರಟಂತೆ ನಿಂತಿರುತ್ತವೆ. ಕೋಟೆಯ ಬಂಡೆ ಕಾದು ಅದರ ಝಳ ನಮ್ಮ ಹಿತ್ತಿಲಿನವರೆಗೂ ಬರುವ ಹೊತ್ತಿಗೆ ಬೀದಿ ಕೊನೆಯ ಗುಲ್‌ಮೊಹರ್ ಕೆಂಪಾಗುತ್ತದೆ, ಹೊಂಗೆ ಅಕ್ಕಿ ಚೆಲ್ಲಿದ ಹಾಗೆ ಹೂ ಉದುರಿಸುತ್ತದೆ, ಐಮಂಗಲದ ಹತ್ತಿರ ಹೆದ್ದಾರಿ ಪಕ್ಕ ಕಕ್ಕೆ ಮರಗಳು ಹಳದಿ ಜಾಲರಿ ಇಳಿಬಿಡುತ್ತವೆ. ಇದನ್ನೆಲ್ಲ ಅಂಗೈಗಿಂತ ತುಸು ದೊಡ್ಡ ಹಲಗೆಗಳ ಮೇಲೆ ಬರೆಯುವುದು ನನ್ನ ಚಟ. ಹಲಗೆ ದೊಡ್ಡದಾದರೆ ತಪ್ಪೂ ದೊಡ್ಡದಾಗಿ ಕಾಣುತ್ತದೆ ನೋಡಿ.

ಹೂವಿನ ಮೇಲಿನ ಈ ಮೋಹ ಹುಟ್ಟಿದ್ದು ಧರ್ಮಪುರದಲ್ಲಿ, ಅಜ್ಜಿಯ ಮನೆಯಲ್ಲಿ. ಅಲ್ಲಿ ಬೇಸಿಗೆ ರಜೆಯೆಂದರೆ ಶೇಂಗಾ ಬಿಡಿಸುವ ಕೆಲಸ. ಬೆರಳು ಉರಿಯುವಷ್ಟು ಬಿಡಿಸಿದ ಮೇಲೆ ಬಸ್‌ಸ್ಟ್ಯಾಂಡಿನ ಗುಲ್‌ಮೊಹರ್ ಮರದ ಕೆಳಗೆ ನಮಗೆ ಬಿಡುಗಡೆ. ಅದರ ಮೊಗ್ಗು ಬಿಡಿಸಿ, ಕೇಸರಕ್ಕೆ ಕೇಸರ ಕೊಕ್ಕೆ ಹಾಕಿ ಎಳೆಯುವ ಕೋಳಿಜಗಳ ಆಡುತ್ತಿದ್ದೆವು; ಯಾರ ಕೇಸರದ ತಲೆ ಹಾರುತ್ತದೋ ಅವರು ಸೋತಂತೆ. ಹೊರಗಿನ ಹಸಿರು ಸಿಪ್ಪೆಯನ್ನು ಉಗುರಿಗೆ ಅಂಟಿಸಿಕೊಂಡು ರಾಕ್ಷಸಿಯಾಗಿ ಅಜ್ಜಿಯನ್ನು ಹೆದರಿಸಲು ಹೋದರೆ ಅಜ್ಜಿ, "ಆ ಉಗುರಾಗೆ ಇನ್ನೊಂದು ಮೊರ ಶೇಂಗಾ ಬಿಡ್ಸು, ಬೇಗ ಆಗ್ತೈತೆ" ಎನ್ನುತ್ತಿದ್ದಳು. ಹೂವು ಎಂದರೆ ಕೆಲಸ ತಪ್ಪಿಸಿಕೊಳ್ಳುವ ದಾರಿ ಎಂದು ಆಗ ಮನಸ್ಸಿನಲ್ಲಿ ಕೂತಿದ್ದು ಇವತ್ತಿಗೂ ಎದ್ದಿಲ್ಲ.

ಎಣ್ಣೆಬಣ್ಣ ಕಲಿಸಿದವರು ಬಶೀರ್ ಸಾಬರು. ಒಂದು ಕಾಲಕ್ಕೆ ದುರ್ಗದ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯಲ್ಲೇ ಹುಟ್ಟಿದ್ದು. ಲಾರಿಯ ಹಿಂದೆ ಕಮಲ, ಗಿಳಿ, ಸೂರ್ಯೋದಯ ಎಲ್ಲ ಬರೆದವರು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಕೇಳುವವರಿಲ್ಲ. ಈಗ ಮನೆಯಂಗಳದಲ್ಲಿ ಬಾಗಿಲು ಕಿಟಕಿಗಳಿಗೆ ಪಾಲಿಶ್ ಹಾಕಿಕೊಂಡು ಆರಾಮಾಗಿದ್ದಾರೆ. "ಟೀಚರಮ್ಮ, ಹೂವ ಬರೆಯೋದು ಗಿಳಿ ಬರೆದಂಗಲ್ಲ. ಗಿಳಿ ಮುಂದೆ ಬಂದು ಕೂರಲ್ಲ, ಹೆಂಗೆ ಬರೆದ್ರೂ ನಡೀತೈತೆ. ಹೂವ ಎದುರಿಗೇ ಕುಂತು ನಗ್ತೈತೆ" ಎನ್ನುತ್ತಾರೆ. ಬಣ್ಣ ಬೇಗ ಒಣಗಲೆಂದು ನನಗೆ ಕುದಿಸಿದ ಅಗಸೆ ಎಣ್ಣೆಯ ಬಾಟಲಿ ಕೊಟ್ಟವರೂ ಅವರೇ.

ಇನ್ನು ಅತ್ತೆ, ಗಂಗಮ್ಮನವರು. ಹಿರೇಗುಂಟನೂರಿನ ಕಡೆಯವರು. ಎಪ್ಪತ್ತೆರಡು ದಾಟಿದ್ದರೂ ನಾಲಿಗೆಗೆ ಇನ್ನೂ ಇಪ್ಪತ್ತು. ನನ್ನ ಚಿತ್ರಕಲೆಯ ಬಗ್ಗೆ ಅವರ ಅಭಿಪ್ರಾಯ ಚಿಕ್ಕದು: "ಹೂವ ಅಂದ್ರೆ ಮುಡೀಬೇಕು, ಇಲ್ಲ ದೇವ್ರಿಗೆ ಏರಿಸ್ಬೇಕು. ಇವಳು ಅದರ ಮುಂದೆ ಕುಂತು ಪರೀಕ್ಷೆ ಬರೀತಾಳೆ." ಅಭಿಪ್ರಾಯ ಹೇಳಿ ಸುಮ್ಮನಿರುವ ಜಾಯಮಾನವೂ ಅಲ್ಲ. ಒಮ್ಮೆ ಲೋಟದಲ್ಲಿ ಮೂರು ದಾಸವಾಳ ಇಟ್ಟುಕೊಂಡು ಶುರು ಮಾಡಿದೆ. ನೀರು ಕುಡಿದು ಬರುವಷ್ಟರಲ್ಲಿ ಎರಡಿದ್ದವು. ಫೋನು ಬಂತೆಂದು ಎದ್ದು ಹೋಗಿ ಬಂದರೆ ಒಂದು. "ಇನ್ನೊಂದು ಉಳಿಸೀನಲ್ಲ!" ಎಂದು ದೇವರ ಗೂಡಿನಿಂದ ದನಿ ಬಂತು. ಆ ಚಿತ್ರದಲ್ಲಿ ಹೂವಿಗಿಂತ ಲೋಟವೇ ಜಾಸ್ತಿಯಾಯಿತು. ಬಶೀರ್ ಸಾಬರು ಮಾತ್ರ, "ಬಹಳ ಮಾಡ್ರನ್ ಐತೆ" ಎಂದು ಹೊಗಳಿದರು. ನನ್ನ ಗಂಡ ಮಂಜುನಾಥ ಒಳ್ಳೆಯ ಮನುಷ್ಯ, ಆದರೆ ಹೊಗಳಿಕೆಯಲ್ಲಿ ನಿಪುಣನಲ್ಲ. ಹಿಂದಿನ ವರ್ಷದ ಕಕ್ಕೆ ಹೂವಿನ ಚಿತ್ರ ನೋಡಿ, "ಚಿತ್ರಾನ್ನ ಚೆನ್ನಾಗಿ ಬಂದೈತೆ ಕಣೇ" ಎಂದಿದ್ದ.

ಅತ್ತೆಗೂ ಒಂದು ಕಲೆ ಉಂಟು. ಕೌದಿ ಹೊಲಿಯುವುದು. ಹಳೆ ಸೀರೆ, ಪಂಚೆ, ಅಂಗಿ, ದಿಂಬಿನ ಗವಸು, ಯಾವುದನ್ನೂ ಬಿಸಾಡಲು ಬಿಡುವುದಿಲ್ಲ. ತುಂಡು ತುಂಡು ಸೇರಿಸಿ, ಪದರ ಪದರವಾಗಿ ಮಡಿಸಿ ಹಳೆ ಸೀರೆಯಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರೆ. ಆ ಗಂಟು ಕಟ್ಟುವುದೂ ಒಂದು ವಿದ್ಯೆ. ಮೊಣಕಾಲು ಊರಿ, ಗಾಳಿ ಹೊರಡುವ ಹಾಗೆ ಅದುಮಿ, ನಾಲ್ಕು ಮೂಲೆ ಎಳೆದು ಬಿಗಿದರೆ ಅದು ಗಂಟಲ್ಲ, ಗುಂಡುಕಲ್ಲು. "ಸಡಿಲ ಕಟ್ಟಿದ್ರೆ ಹುಳ ಬೀಳ್ತಾವೆ" ಎನ್ನುತ್ತಾರೆ.

ಆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಾನು ಕುಂಚ ಒರೆಸಿದ ಬಟ್ಟೆಗಳನ್ನು ವರಾಂಡದ ಬುಟ್ಟಿಗೆ ಹಾಕಿ ಎದ್ದಿದ್ದೆ. ಹಿಂದಿನ ದಿನ ಹಲಗೆಗಳಿಗೆಲ್ಲ ಎಣ್ಣೆ ತಿಕ್ಕಿದ ಬನಿಯನ್ ತುಂಡುಗಳನ್ನೂ ಆಗಲೇ ಇನ್ನೊಮ್ಮೆ ಎಣ್ಣೆಯಲ್ಲಿ ಅದ್ದಿ ಬಳಸಿ ಅದೇ ಬುಟ್ಟಿಗೆ ಎಸೆದಿದ್ದೆ. ಒಳ್ಳೆ ಹತ್ತಿಯ ಬಟ್ಟೆಗಳು. ಅತ್ತೆಯ ಕಣ್ಣಿಗೆ ಬೀಳದಿರುತ್ತವೆಯೇ? ಎಣ್ಣೆ ಇದ್ದರೇನು, ಆಮೇಲೆ ಸೋಡಾ ಹಾಕಿ ಒಗೆದರಾಯಿತು ಎಂದು ಎತ್ತಿಕೊಂಡು ತಮ್ಮ ಗಂಟಿನ ನಡುವೆ ಸೇರಿಸಿ ಬಿಗಿದಿದ್ದರು. ಊಟವಾದ ಮೇಲೆ ತಗಡಿನ ಶೀಟು ಹೊದಿಸಿದ ಕೋಣೆಯಲ್ಲಿ ಚಾಪೆ ಹಾಸಿ, ಕಾಲು ಊದುತ್ತದೆ ಎತ್ತರದಲ್ಲಿಡಿ ಎಂದು ಡಾಕ್ಟರು ಹೇಳಿದ್ದರಿಂದ, ಅದೇ ಗಂಟಿನ ಮೇಲೆ ಎರಡೂ ಕಾಲಿಟ್ಟು ಮಲಗಿದ್ದರು.

ನಾನು ಓಡಿಹೋದಾಗ ಕೋಣೆಯಲ್ಲಿ ಸೂರಿನಿಂದ ಸೊಂಟದೆತ್ತರಕ್ಕೆ ಇಳಿದ ಹೊಗೆ. ಅತ್ತೆ ಗೊರಕೆ ಹೊಡೆಯುತ್ತಿದ್ದರು. ಗಂಟಿನ ಬದಿಯಲ್ಲಿ ಅಂಗೈಯಗಲ ಕಪ್ಪು, ಅದರ ನಡುವೆ ಕೆಂಪು. ಸೀರೆಯ ಅಂಚು ಕಂದಾಗಿ ಮುರುಟುತ್ತಿತ್ತು. ಬಗಲಿಗೆ ಕೈ ಹಾಕಿ ಎಳೆದೆ. "ಯಾವನಲೇ ಅವನು! ಕಳ್ಳ! ಮಂಜಾ!" ಎಂದು ಅತ್ತೆ ನನ್ನ ಕೆನ್ನೆಗೆ ಬಾರಿಸಿದರು. ಹೊಸಿಲು ದಾಟಿಸಿದೆ. ತಿರುಗಿ ನೋಡಿದರೆ ಕಾಲು ತೆಗೆದದ್ದೇ ತಡ, ಗಾಳಿ ಸಿಕ್ಕ ಗಂಟು ಭಗ್ಗೆಂದಿತು.

ಈಗ ಬರುವುದು ನಾನು ದಿನಾ ನೋಡುವ ಚಿತ್ರ. ನಾನು ವರಾಂಡಕ್ಕೆ ಓಡುತ್ತೇನೆ. ಸ್ಟೂಲಿನ ಮೇಲೆ ದೊಡ್ಡ ಜಗ್ಗು. ಅದನ್ನು ಎತ್ತಿಕೊಂಡು ಬೆಂಕಿಯ ಮುಂದೆ ನಿಲ್ಲುತ್ತೇನೆ. ಎರಡೂ ಕೈ ಹಿಂದಕ್ಕೆಳೆದು ಎಸೆಯಲು ಸಿದ್ಧಳಾಗುತ್ತೇನೆ. ಆಗ ಹೊಸಿಲಾಚೆ ಕುಕ್ಕರುಗಾಲಲ್ಲಿ ಕೂತು ಕೆಮ್ಮುತ್ತಿದ್ದ ಅತ್ತೆ ಚೀರುತ್ತಾರೆ: "ಅದು ನೀರಲ್ಲೇ ಮುಂಡೇದೆ! ನಿನ್ನ ಕುಂಚ ತೊಳೆಯೋ ನಾತದ ಎಣ್ಣೆ!"

ಟರ್ಪೆಂಟೈನ್. ಅರ್ಧ ಜಗ್ಗು.

ಅತ್ತೆ ಆ ಹೊಗೆಯಲ್ಲೂ ಮೂಗಿನಿಂದಲೇ ಗುರುತು ಹಿಡಿದಿದ್ದರು. ನಾನು ಜಗ್ಗನ್ನು ಅಂಗಳದಲ್ಲಿಟ್ಟು, ಸೀರೆ ನೆನೆಸಿದ್ದ ಬಕೆಟ್ಟನ್ನು ಸೀರೆಯ ಸಮೇತ ತಂದು ಸುರಿದೆ. ಇನ್ನೊಂದು ಬಕೆಟ್ಟು, ಮತ್ತೊಂದು. ಮುಗಿಯಿತು. ಅತ್ತೆಯ ಹಿಮ್ಮಡಿ ಕೆಂಪಾಗಿತ್ತು ಅಷ್ಟೇ. ನನ್ನ ಕೆನ್ನೆ ಅದಕ್ಕಿಂತ ಕೆಂಪಾಗಿತ್ತು.

ಸಂಜೆಯ ಹೊತ್ತಿಗೆ ತನಿಖೆ ಮುಗಿದು ತೀರ್ಪೂ ಬಂದಿತ್ತು. ಸುಟ್ಟ ಜಾಗದ ನೇರ ಮೇಲೆ ಗೋಡೆಯಲ್ಲಿ ದೇವರ ಗೂಡು. ಗೂಡಿನಲ್ಲಿ ಅತ್ತೆ ಮಧ್ಯಾಹ್ನ ಹಚ್ಚುವ ದೀಪ. ಇನ್ನೇನು ಬೇಕು? ಬತ್ತಿಯ ಕಿಡಿ ಬಿದ್ದಿದೆ. ಹೊಳಲ್ಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಭಾವ, ಅಂದರೆ ಅತ್ತೆಯ ಹಿರಿಯ ಮಗ ಬಸವರಾಜ, ಫೋನಿನಲ್ಲೇ ತೀರ್ಮಾನ ಕೊಟ್ಟ: "ಅವ್ವಂಗೆ ಮರೆವು ಶುರುವಾಗೈತೆ. ನೀವಿಬ್ರೂ ಕೆಲಸಕ್ಕೆ ಹೋಗೋರು. ಭಾನುವಾರ ಬಂದು ಕರ್ಕಂಡು ಹೋಗ್ತೀನಿ. ಇಲ್ಲಿ ಯಾವಾಗ್ಲೂ ಯಾರಾದ್ರೂ ಇರ್ತಾರೆ, ಕಣ್ಣಿಟ್ಟು ನೋಡ್ಕಂತಾರೆ." ನನ್ನ ಗಂಡ ಮನೆಯಲ್ಲಿದ್ದ ಬೆಂಕಿಪೊಟ್ಟಣಗಳನ್ನೆಲ್ಲ ಒಟ್ಟು ಮಾಡಿ ಬೀರುವಿನ ಮೇಲಿಟ್ಟ.

"ದೀಪ ಶಾಂತ ಆದ್ಮೇಲೇ ನಾನು ಮಲಗಿದ್ದು ಕಣ್ರಲೇ" ಎಂದರು ಅತ್ತೆ. ಮೊದಲ ದಿನ ಜೋರಾಗಿ ಅಂದರು. ಎರಡನೇ ದಿನ ಮೆತ್ತಗೆ ಅಂದರು. ಮೂರನೇ ದಿನ ನನ್ನನ್ನೇ ಕೇಳಿದರು: "ಶಾಂತ ಆಗಿತ್ತೇನೇ ಶೈಲಾ? ನಾನೇ ಮರೆತಿದ್ನೇನೋ."

ನನಗೇನು ಗೊತ್ತಿತ್ತು? ಎಂಟನೇ ಕ್ಲಾಸಿಗೆ ವರ್ಷ ವರ್ಷವೂ ದಹನದ ಪಾಠ ಮಾಡಿ, ಉರಿಯಲು ಬೇಕಾದದ್ದು ಮೂರು, ಇಂಧನ, ಗಾಳಿ, ಶಾಖ ಎಂದು ಮೂರು ಬೆರಳು ತೋರಿಸುವವಳು ನಾನು. ಶಾಖ ಹೊರಗಿನಿಂದಲೇ ಬರಬೇಕಾಗಿಲ್ಲ, ಒಳಗೇ ಹುಟ್ಟಬಹುದು ಎಂದು ಬಿಎಸ್ಸಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪ್ರಥಮ ದರ್ಜೆಯನ್ನೂ ಪಡೆದಿದ್ದೆ. ಪರೀಕ್ಷೆಗೆ ಓದಿದ್ದು ಪರೀಕ್ಷೆಯ ಜೊತೆಗೇ ಮುಗಿಯಬೇಕಲ್ಲವೇ? ಮುಗಿದಿತ್ತು.

ಆ ದಿನಗಳಲ್ಲಿ ನನಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿದರೆ ಕೈಯಲ್ಲಿ ಜಗ್ಗು. ಒಮ್ಮೊಮ್ಮೆ ಎಸೆದೂ ಬಿಡುತ್ತಿದ್ದೆ. ಎದ್ದು ಕೂತು ಬೆವರು ಒರೆಸಿಕೊಂಡು, ಮೂಗೆತ್ತಿ ಮನೆಯೆಲ್ಲ ಮೂಸಿ ನೋಡುತ್ತಿದ್ದೆ. "ನಾಯಿ ಸಾಕೋದು ಬೇಡ ಇನ್ನು" ಎಂದ ಗಂಡ.

ಗುರುವಾರ ಬಶೀರ್ ಸಾಬರ ಮನೆಗೆ ಎಣ್ಣೆ ಬಾಟಲಿ ವಾಪಸು ಕೊಡಲು ಹೋದೆ. ಚಿತ್ರ ಬರೆಯುವ ಮನಸ್ಸೇ ಇರಲಿಲ್ಲ. ಅವರ ಅಂಗಳದಲ್ಲಿ ತಂತಿಯ ಮೇಲೆ ಒರೆಸಿದ ಬಟ್ಟೆಗಳು, ಒಂದಕ್ಕೊಂದು ತಾಗದಂತೆ, ಹಪ್ಪಳ ಒಣಹಾಕಿದ ಹಾಗೆ ಹರಡಿದ್ದವು. ಎಷ್ಟೋ ವರ್ಷದಿಂದ ನೋಡಿದ್ದೇನೆ. ಬಡತನದ ಅಚ್ಚುಕಟ್ಟು ಎಂದುಕೊಂಡಿದ್ದೆ.

"ಕುಂತ್ಕಳ್ರಿ ಟೀಚರಮ್ಮ. ಬೆಂಕಿ ಬಿದ್ದಿತ್ತಂತೆ?"

"ಅತ್ತೆಯ ದೀಪದಿಂದ, ಸಾಬ್ರೇ."

"ಬಟ್ಟೆಗಂಟಿಗಂತೆ?" ಅವರು ಬೀಡಿ ಹಚ್ಚಲು ಹೋದವರು ನಿಲ್ಲಿಸಿದರು. "ನಿಮ್ಮ ಕುಂಚದ ಬಟ್ಟೆ ಎಲ್ಲಿ ಒಣಗಿಸ್ತೀರಿ?"

"ಬುಟ್ಟಿಯಲ್ಲಿ ಹಾಕುತ್ತೇನೆ."

"ಯಾ ಅಲ್ಲಾ! ಬುಟ್ಟೀಲಾ?" ಅವರು ಹಣೆ ಹಿಡಿದುಕೊಂಡರು. "ನಮ್ಮ ಉಸ್ತಾದರು ಕೆಲಸ ಕಲಿಸೋಕ್ಕಿಂತ ಮೊದ್ಲು ಇದನ್ನ ಕಲಿಸಿದ್ರು. ಅಗಸೆ ಎಣ್ಣೆ ಬಟ್ಟೆನ ಮುದ್ದೆ ಮಾಡ್ಬೇಡ, ಒಳಗೊಳಗೇ ಸಿಟ್ಟಾಗ್ತೈತೆ. ಅವ್ರ ಕೈಗಾಡಿ ಹಂಗೇ ಸುಟ್ಟೋಗಿತ್ತು, ಯಾರೂ ಕಡ್ಡಿ ಗೀರಿರ್ಲಿಲ್ಲ. ನಾನು ನಿಮಗೆ ಹೇಳ್ಲಿಲ್ಲ. ಸೈನ್ಸ್ ಟೀಚರ್ರು, ಗೊತ್ತಿರ್ತೈತೆ ಅಂದ್ಕಂಡೆ."

ಆ ಕ್ಷಣ ನನ್ನ ಪ್ರಥಮ ದರ್ಜೆ ಎಷ್ಟೋ ವರ್ಷಗಳ ನಂತರ ಎದ್ದು ಬಂದು ಎದುರಿಗೆ ನಿಂತಿತು. ಅಗಸೆ ಎಣ್ಣೆ ಒಣಗುವುದೆಂದರೆ ನೀರು ಆರಿದಂತಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು. ಹೀರುವಾಗ ಶಾಖ ಬಿಡುತ್ತದೆ. ಹರಡಿದರೆ ಶಾಖ ಹಾರಿಹೋಗುತ್ತದೆ. ಬಿಗಿದು ಗಂಟು ಕಟ್ಟಿ, ಹಳೆ ಬಟ್ಟೆಯ ಹೊದಿಕೆ ಹೊದಿಸಿ, ಶೀಟಿನ ಕೋಣೆಯಲ್ಲಿಟ್ಟರೆ ಎಲ್ಲಿಗೆ ಹೋಗಬೇಕು ಅದು?

ಬೆಂಕಿ ನನ್ನದು. ಅತ್ತೆಯದಲ್ಲ.

ಇದು ಗೊತ್ತಾದ ಕೂಡಲೇ ಓಡಿಬಂದು ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹೇಳಲಿಲ್ಲ. ಹೇಳಿದರೆ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ, ಮತ್ತೆ ಇಳಿಯುವುದಿಲ್ಲ. ಗುರುವಾರ, ಶುಕ್ರವಾರ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಎರಡು ದಿನ ಅತ್ತೆ ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳತೊಡಗಿದ್ದರು. "ಗ್ಯಾಸ್ ಆರ್ಸಿದೆ. ನಲ್ಲಿ ನಿಲ್ಸಿದೆ. ಬಾಗಿಲು ಹಾಕಿದೆ." ಆಮೇಲೆ ಎದ್ದು ಹೋಗಿ ಮೂರನ್ನೂ ಮುಟ್ಟಿ ನೋಡಿ ಬರುತ್ತಿದ್ದರು. ಹೊತ್ತು ಮುಳುಗಿದರೆ ಗೂಡಿನ ಮುಂದೆ ಕೂತು, ಹಚ್ಚದ ದೀಪವನ್ನು ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು. ನನ್ನ ಲೋಟದಲ್ಲಿ ಗುಲ್‌ಮೊಹರ್ ಇಟ್ಟಿದ್ದೆ, ಬೇಕೆಂದೇ, ಕಣ್ಣಿಗೆ ಬೀಳುವ ಹಾಗೆ. ಯಾರೂ ಕದಿಯಲಿಲ್ಲ. ಅದು ಲೋಟದಲ್ಲೇ ಬಾಡಿತು.

ಶುಕ್ರವಾರ ಸಂಜೆ ಟ್ರಂಕಿಗೆ ಸೀರೆ ತುಂಬುತ್ತಾ ಪಕ್ಕದ ಮನೆಯವಳಿಗೆ ಅತ್ತೆ ಹೇಳುತ್ತಿದ್ದುದು ಕೇಳಿಸಿತು: "ಅಲ್ಲಿ ಕಣ್ಣಿಟ್ಟು ನೋಡ್ಕಂತಾರಂತೆ ಕಣಮ್ಮ. ಕೂಸು ಆದೆ ನಾನು." ಇಡೀ ಬೀದಿಯನ್ನು ಕಣ್ಣಿಟ್ಟು ನೋಡುತ್ತಿದ್ದ ಹೆಂಗಸು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಎಣ್ಣೆ, ಬಟ್ಟೆ, ಆಮ್ಲಜನಕ, ಗಂಟು, ಎಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ, ಬೈಗುಳಕ್ಕೆ ಸಿದ್ಧಳಾಗಿ.

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ತಿರುಗಿದ. ಅವನ ಕಣ್ಣು ಒದ್ದೆಯಾಗಿತ್ತು. "ಶೈಲಾ, ಅವ್ವನ್ನ ಉಳಿಸ್ಕಳಾಕೆ ನಿನ್ನ ಮೈಮೇಲೆ ಹಾಕ್ಕಂತಿದೀಯಲ್ಲ. ಯಾವ ಸೊಸೆ ಹಿಂಗೆ ಮಾಡ್ತಾಳೆ?"

ಹುಟ್ಟಿದಾಗಿನಿಂದ ಇಷ್ಟು ಪ್ರಾಮಾಣಿಕವಾಗಿ ನಾನು ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ. ಅದಕ್ಕೆ ಸಿಕ್ಕಿದ್ದು ಆದರ್ಶ ಸೊಸೆಯ ಪಟ್ಟ. ಸುಳ್ಳು ಹೇಳುವುದಿಲ್ಲ, ಒಂದು ನಿಮಿಷ ಆ ಪಟ್ಟ ಹಿತವಾಗಿಯೇ ಇತ್ತು. ಆಮೇಲೆ ಅತ್ತೆಯ ಕಡೆ ನೋಡಿದೆ. ಅವರೂ ನಂಬಿರಲಿಲ್ಲ. "ಬೆಂಕಿ ಇಲ್ದೆ ಬೆಂಕಿ ಹತ್ತುತ್ತೇನೇ, ಹುಚ್ಚಿ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಸರಿ, ಮೇಡಂ ಪಾಠದಿಂದ ಆಗದ್ದು ಪ್ರಯೋಗದಿಂದ ಆಗಬೇಕು. ಭಾನುವಾರ ಬೆಳಿಗ್ಗೆ ಬಶೀರ್ ಸಾಬರನ್ನು ಎಣ್ಣೆಯ ಸಮೇತ ಕರೆಸಿದೆ. ಅಂಗಳದ ನಡುವೆ, ಗೋಡೆ ಗಿಡ ಎಲ್ಲದರಿಂದ ದೂರ, ಸಿಮೆಂಟು ಕಲಸುವ ಹಳೆ ಬಾಣಲಿ ಇಟ್ಟು, ಪಕ್ಕದಲ್ಲಿ ನಾಲ್ಕು ಬಕೆಟ್ ನೀರು. ಈ ಸಲ ಜಗ್ಗನ್ನು ಮನೆಯಿಂದಲೇ ಗಡೀಪಾರು ಮಾಡಿದ್ದೆ. ಎಣ್ಣೆಬಟ್ಟೆ ಮುದ್ದೆ ಮಾಡಿ ಬಾಣಲಿಗೆ ಹಾಕಿ ಗೋಣಿ ಮುಚ್ಚುವಾಗ ಭಾವನ ಕಾರು ಬಂತು.

"ಏನಮ್ಮ ಇದು?" ಎಂದ ಭಾವ. ಹೇಳಿದೆ. ಅವನು ಮನಸಾರೆ ನಕ್ಕ. "ಇಪ್ಪತ್ತು ವರ್ಷದಿಂದ ಅಗಸೆ ಎಣ್ಣೆ ಮಾರ್ತಿದೀನಿ. ಒಂದಿನ ಒಂದು ಡಬ್ಬ ಕೆಮ್ಮಿಲ್ಲ."

"ಡಬ್ಬದಾಗಲ್ಲ ಸಾಹುಕಾರ್ರೇ, ಬಟ್ಟೇಲಿ" ಎಂದರು ಬಶೀರ್ ಸಾಬರು.

ಹತ್ತು ನಿಮಿಷಕ್ಕೊಮ್ಮೆ ನಾನು ಗೋಣಿ ತೆಗೆದು, ಬಟ್ಟೆ ಬಿಡಿಸಿ, ಜ್ವರ ನೋಡುವ ಥರ್ಮಾಮೀಟರ್ ತುರುಕಿ ನೋಡಿದೆ. ಕಾಂಪೌಂಡಿನ ಮೇಲೆ ಅಕ್ಕಪಕ್ಕದವರ ತಲೆಗಳು ಸಾಲಾದವು. ಹನ್ನೆರಡಕ್ಕೆ ನೂರ ನಾಲ್ಕು ತೋರಿಸಿತು. "ನೋಡಿ!" ಎಂದೆ.

"ಈ ಬಿಸಿಲಾಗೆ ನಿಂತಿರೋ ನಂಗೂ ಅಷ್ಟೇ ಐತೆ" ಎಂದ ಭಾವ.

ಒಂದು ಗಂಟೆಯಾದರೂ ಏನೂ ಆಗಲಿಲ್ಲ. ತಲೆಗಳು ಊಟಕ್ಕೆ ಹೋದವು. ಭಾವ ಅತ್ತೆಯ ಟ್ರಂಕನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬಂದ. ನನಗೆ ಅಳು ಬರುವಂತಾಗಿತ್ತು. ಇಷ್ಟು ದಿನ ಬೆಂಕಿ ಬೇಡವೆಂದು ರಾತ್ರಿಯೆಲ್ಲ ಮೂಸಿದವಳು, ಈಗ ಬಾಣಲಿಯ ಮುಂದೆ ಕೂತು ಹತ್ತಪ್ಪಾ ಹತ್ತು ಎಂದು ಬೇಡುತ್ತಿದ್ದೆ.

ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದ ಅತ್ತೆಗೆ ಕೊನೆಗೂ ತಡೆಯಲಾಗಲಿಲ್ಲ. "ಗಳಿಗೆಗೊಂದು ಸಲ ಮುಚ್ಚಳ ತೆಗೆದ್ರೆ ಇಡ್ಲಿ ಬೇಯ್ತಾವೇನೇ? ಆ ಗಂಟೋ, ದೇವ್ರೇ, ಹೆರಿಗೆ ಆಗಿರೋ ಹೊಟ್ಟೆ ಇದ್ದಂಗೈತೆ. ಇದಕ್ಕೆ ಬೆಂಕಿ ಅಲ್ಲ, ಇರುವೇನೂ ಬರಲ್ಲ. ಸರಿ ಅತ್ತ, ನಾನು ಕಟ್ತೀನಿ."

"ಅವ್ವ, ಹೊತ್ತಾಗ್ತೈತೆ, ಹೋಗಾಣ" ಎಂದ ಭಾವ.

"ಸುಮ್ನಿರಲೇ. ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಟ್ಟು ಬರಲ್ಲ ನಾನು."

ಐದು ದಿನದ ನಂತರ ಆ ದನಿ ಕೇಳಿದ್ದು. ಅತ್ತೆ ಒಳಗಿಂದ ಹಳೆ ಸೀರೆ, ಪಂಚೆ, ದಿಂಬಿನ ಗವಸು ತರಿಸಿದರು. ಬಟ್ಟೆಗಳನ್ನು ಮತ್ತೆ ಎಣ್ಣೆಯಲ್ಲಿ ಅದ್ದಿ ಹಿಂಡಲು ಬಶೀರ್ ಸಾಬರಿಗೆ ಹೇಳಿದರು. ಮಂಗಳವಾರ ಕಟ್ಟಿದ ಹಾಗೇ, ಕೆಳಗೆ ಯಾವ ಪದರ, ನಡುವೆ ಯಾವುದು, ಮೇಲೆ ಯಾವುದು ಎಂದು ಒಂದೊಂದನ್ನೂ ಹೇಳುತ್ತಾ ಇಟ್ಟರು. ಗಂಡ ಮೆಲ್ಲನೆ ಭಾವನ ಕಡೆ ನೋಡಿದ. ಮರೆವಿನವರು ಹೀಗಿರುತ್ತಾರೆಯೇ? ಮೊಣಕಾಲೂರಿ ಅದುಮಿ, ಮೂಲೆ ಎಳೆದು ಬಿಗಿದು, ಕೈ ಕೊಡವಿ ಎದ್ದರು. ಗಂಟೆ ಒಂದೂಕಾಲು. "ಇನ್ನು ಯಾರಾದ್ರೂ ಮುಟ್ಟಿದ್ರೆ ನೋಡ್ರಿ."

ಯಾರೂ ಮುಟ್ಟಲಿಲ್ಲ. ಎರಡಾಯಿತು, ಮೂರಾಯಿತು. ಬಶೀರ್ ಸಾಬರು ಬೀಡಿಯನ್ನು ಕೈಯಲ್ಲೇ ಹಿಡಿದು, ಪ್ರಯೋಗದ ಪಾವಿತ್ರ್ಯ ಕೆಡಬಾರದೆಂದು ಹಚ್ಚದೆ ಕೂತಿದ್ದರು. ನಾಲ್ಕಕ್ಕೆ ಚಹಾ ಆಯಿತು, ಕಾಂಪೌಂಡಿನ ಮೇಲೆ ತಲೆಗಳೂ ವಾಪಸಾದವು. ನಾಲ್ಕೂವರೆಗೆ ಭಾವ ಎದ್ದು ಮೈ ಮುರಿದ. "ಸಾಕು ನಡಿಯವ್ವ. ದಾರಿ ಮೇಲೆ ಕತ್ತಲಾಗ್ತೈತೆ."

ಅತ್ತೆ ಎದ್ದರು. ಸೆರಗು ಸರಿಪಡಿಸಿಕೊಂಡರು. ಬಾಣಲಿಯ ಹತ್ತಿರ ಬಂದು ಮೂಗು ಅರಳಿಸಿದರು. ಅವರ ಮುಖದಲ್ಲಿ ಏನೋ ಬದಲಾಯಿತು. ತುಂಟ ಹುಡುಗಿಯ ಮುಖ.

"ಬಸಣ್ಣ, ಹೋಗಾಣ. ಆ ಗಂಟಿನ ಸಂದೀಲಿ ಕೈ ಹಾಕಿ ಒಂದೀಟು ನೋಡಿಬಿಡು, ನಿನ್ನ ಸಮಾಧಾನಕ್ಕೆ."

ಭಾವ ನಗುತ್ತಲೇ ಕೈ ತುರುಕಿದ. "ಅವ್ವಾ!" ಎಂದು ಕಿರುಚಿ ಹಾರಿದ ರಭಸಕ್ಕೆ ಕಾಂಪೌಂಡಿನ ತಲೆಗಳು ಒಮ್ಮೆಗೇ ಮಾಯವಾಗಿ ಮತ್ತೆ ಮೂಡಿದವು. ಬೆರಳು ಬಾಯಲ್ಲಿಟ್ಟುಕೊಂಡು ನಿಂತ. ಅವನು ಕೈ ತೆಗೆದ ಸಂದಿಯಿಂದ ನೂಲಿನಷ್ಟು ಹೊಗೆ ಎದ್ದಿತು, ಹಗ್ಗದಷ್ಟಾಯಿತು. ಸೀರೆಯ ಮೇಲೆ ಕಂದು ಕಲೆ ಮೂಡಿ ಕಪ್ಪಾಗಿ, ಆ ಕಪ್ಪಿನ ನಡುವೆ ಕೆಂಪು ತೆರೆದುಕೊಂಡಿತು. ಕಡ್ಡಿ ಗೀರಿದವರಿಲ್ಲ. ದೀಪ ಹಚ್ಚಿದವರಿಲ್ಲ.

ಅತ್ತೆ ಅದನ್ನೇ ನೋಡುತ್ತಾ, "ಶಾಂತ ಆಗಿತ್ತು" ಎಂದರು. "ಶಾಂತ ಆದ್ಮೇಲೇ ಮಲಗಿದ್ದು ನಾನು. ಹೇಳ್ಲಿಲ್ವಾ?" ಆಮೇಲೆ ನನ್ನ ಕಡೆ ತಿರುಗಿದರು. "ಅಂದ್ರೆ ನನ್ನನ್ನ ಸುಡಾಕೆ ಹೋಗಿದ್ದು ನೀನೇ ಏನೇ?"

"ಹೂಂ ಅತ್ತೆ."

"ಮೊದ್ಲೇ ಬೊಗಳಬಾರ್ದಾ? ಐದು ದಿನ ನಲ್ಲಿ ಮುಟ್ಟಿ ಮುಟ್ಟಿ ಕೈ ನೋವಾಯ್ತು ನಂಗೆ."

ನಾನು ಬಕೆಟ್ಟು ಎತ್ತಿ ಸುರಿದೆ. ಒಳಗೆ ಏನಿದೆಯೆಂದು ಮೂಸಿ ನೋಡಿಯೇ ಸುರಿದೆ.

ಭಾವನಿಗೆ ಇದ್ದಕ್ಕಿದ್ದಂತೆ ಏನೋ ಹೊಳೆದು ಮುಖ ಬಿಳಿಚಿತು. "ಗೋಡೌನಿನ ಮೂಲೇಲಿ ಎಣ್ಣೆ ಒರೆಸಿದ ಬಟ್ಟೆ ಗುಡ್ಡೆ ಬಿದ್ದೈತೆ!" ಎಂದವನೇ ಅಂಗಡಿಗೆ ಫೋನು ಹಚ್ಚಿಕೊಂಡೇ ಕಾರಿಗೆ ಓಡಿದ. ಅವ್ವನನ್ನು ಕರೆಯಲಿಲ್ಲ. ನಮಗೆ ಹೋಗಿಬರುತ್ತೇನೆಂದೂ ಹೇಳಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅಂದರು: "ನನ್ನ ಟ್ರಂಕು ಹೋಯ್ತಲ್ಲೇ!"

ಸಂಜೆ ಗಂಡ ಬೀರುವಿನ ಮೇಲಿಂದ ಬೆಂಕಿಪೊಟ್ಟಣ ತೆಗೆದು, ಅಮ್ಮನ ಮುಖ ನೋಡದೆ ಗೂಡಿನಲ್ಲಿಟ್ಟ. ನನ್ನ ಸೀರೆ ಉಟ್ಟುಕೊಂಡಿದ್ದ ಅತ್ತೆ ದೀಪ ಹಚ್ಚಿದರು. ವರಾಂಡದಲ್ಲಿ ಉಳಿದ ಎಣ್ಣೆಬಟ್ಟೆಗಳನ್ನು ನಾನು ತಂತಿಯ ಮೇಲೆ ಒಂದೊಂದಾಗಿ ಹರಡಿದೆ. ಸಂದು ಸಾಲದೆಂದು ಅತ್ತೆ ಬಂದು ಇನ್ನೊಮ್ಮೆ ಹರಡಿದರು.

ಅವತ್ತು ಭಾನುವಾರ. ಒಂಬತ್ತಕ್ಕೆ ದಿಂಬಿಗೆ ತಲೆ ಕೊಟ್ಟವಳಿಗೆ ಕೈಯಲ್ಲಿ ಜಗ್ಗಿರಲಿಲ್ಲ. ಕಣ್ಣು ಬಿಟ್ಟಾಗ ಸೋಮವಾರ ಬೆಳಿಗ್ಗೆ ಏಳೂವರೆ. ಮುಖಕ್ಕೆ ಬಿಸಿಲು ಬಿದ್ದಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕಣ್ಣು ಕೆಂಪಗೆ, ಕೂದಲು ಕೆದರಿ.

"ಎದ್ದೇನೇ ತಾಯೀ? ನಿನ್ನ ಗೊರಕೆಗೆ ರಾತ್ರಿಯೆಲ್ಲ ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ನಾನು. ಇದಕ್ಕಿಂತ ಟ್ರಂಕಿನ ಜತೆ ಹೊಳಲ್ಕೆರೆಗೆ ಹೋಗಿದ್ರೆ ನಿದ್ದೆನಾದ್ರೂ ಬರ್ತಿತ್ತು."